ನವಮಿಗೆ ತೊಳೆದ ಸಮುದ್ರ

ಭೂಮಿಯ ಮೇಲೆ ನೆಲಕ್ಕಿಂತ ನೀರೇ ಹೆಚ್ಚು. ಆ ನೀರಿನಲ್ಲಿ ಬಹುಪಾಲು ಸಮುದ್ರ. ಇದು ಸೃಷ್ಟಿಯ ಮಹಾಸತ್ಯ. ಭಾಗ್ಯನಗರದ ನಮ್ಮ ಓಣಿಯಲ್ಲಿ, ನಳ ಯಾವಾಗ ಬಂದೀತೆಂದು ಕೊಡ ಹಿಡಿದು ನಿಂತವನಿಗೆ ಇದನ್ನು ನಂಬುವುದು ಕಷ್ಟ.

ಆದರೂ ಮೂವತ್ತು ವರ್ಷ ನಾನು ಇದನ್ನೇ ಕಲಿಸಿದೆ. ಭೂಗೋಳದ ಮಾಸ್ತರ ನಾನು. ಭರತ, ಇಳಿತ, ತೆರೆ, ದಂಡೆ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಕಂಡವನು. ಕಣ್ಣಿನಿಂದ ಕಾಣಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ನೀಲವ್ವನಿಗೆ, "ಈ ಬ್ಯಾಸಗಿಗೆ ಕಾರವಾರಕ್ಕ ಹೋಗೂಣು, ಸಮುದ್ರ ತೋರಸ್ತೀನಿ" ಎಂದು ಮಾತು ಕೊಟ್ಟಿದ್ದೆ. ಆ ಬೇಸಿಗೆಗೆ ಜನಗಣತಿ ಬಂತು. ಮುಂದಿನದಕ್ಕೆ ಚುನಾವಣೆ. ಅದರ ಮುಂದಿನದಕ್ಕೆ ಅತ್ತೆಯ ಮೊಣಕಾಲು. ಹೀಗೆ ಸಮುದ್ರ ವರ್ಷವರ್ಷವೂ ಹಿಂದೆ ಸರಿಯಿತು. ಭೂಗೋಳದಲ್ಲಿ ಇದಕ್ಕೆ ಇಳಿತ ಎನ್ನುತ್ತಾರೆ!

ನಿವೃತ್ತಿಯಾದ ಮೇಲೆ ಉಪಾಯ ಹೊಳೆಯಿತು. ಗಂಗಾವತಿಯಲ್ಲಿ ಖಾಜಾಸಾಬ ಎಂಬವರ ಬಣ್ಣದ ಮೀನಿನ ಅಂಗಡಿಯಿಂದ ಗಾಜಿನ ತೊಟ್ಟಿ, ಸಮುದ್ರದ ಉಪ್ಪಿನ ಚೀಲ, ಬಿಳಿ ಉಸುಕು, ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಮೀನು ತಂದೆ. ನಾವು ಸಮುದ್ರಕ್ಕೆ ಹೋಗದಿದ್ದರೇನು, ಸಮುದ್ರವೇ ನಮ್ಮ ಪಡಸಾಲೆಗೆ ಬರಲಿ!

"ಇಷ್ಟ ಏನ್ರಿ ಸಮುದ್ರ?" ಎಂದಳು ನೀಲವ್ವ.

"ಇದು ಸ್ಯಾಂಪಲ್," ಎಂದೆ.

ಆದರೆ ಮರುದಿನದಿಂದ ಮಧ್ಯಾಹ್ನದ ಚಹಾ ಹಿಡಿದು ಅದರ ಮುಂದೆಯೇ ಕೂಡತೊಡಗಿದಳು. ಮೀನಿಗಿಂತ ಉಸುಕಿನ ಕಡೆಗೇ ಹೆಚ್ಚು ನೋಟ. ಒಮ್ಮೆ ಕೇಳಿದಳು: "ದಂಡಿ ಮ್ಯಾಲ ಬರಿಗಾಲಾಗ ನಿಂತ್ರ ಕಾಲಬುಡಕಿಂದು ಉಸುಕು ಜಾರಿ ಹೊಕ್ಕೈತಂತ. ಖರೆ ಏನ್ರಿ?"

"ಖರೆ," ಎಂದೆ. ನಾನು ಕಲಿಸಿದ ಪುಸ್ತಕದಲ್ಲಿ ಅದು ಇರಲಿಲ್ಲ.

ಎರಡು ತಿಂಗಳಿಗೆ ಬಿಳಿ ಉಸುಕಿನ ಮೇಲೆ ಕಂದು ಬಣ್ಣ ಹರಡಿತು. ಖಾಜಾಸಾಬರಿಗೆ ಫೋನು ಮಾಡಿದೆ.

"ಸರ, ಉಸುಕಿಗೆ ಕೈ ಹಚ್ಚಬ್ಯಾಡ್ರಿ. ಅದರಾಗ ಕಣ್ಣಿಗೆ ಕಾಣದ ಜೀವ ಅದಾವ. ಮೀನಿನ ಹೊಲಸು ತಿಂದು ನೀರು ಛಲೋ ಇಡ್ತಾವ. ಮ್ಯಾಲಿನ ಕಂದು ತಾನ ಹೋಗತೈತಿ."

ಸುಮ್ಮನಿರಬಹುದಿತ್ತು. ಅಷ್ಟರಲ್ಲಿ ತೊಟ್ಟಿಗೆ ಕಟ್ಟಿಗೆಯ ಮೇಜು ಮಾಡಿಕೊಟ್ಟ ನೆರೆಮನೆಯ ಬಡಗಿ ಮಾಬುಸಾಬ ಬಂದು ಇಣುಕಿ, "ಮಾಸ್ತರ್ರ, ನಿಮ್ಮ ಸಮುದ್ರಕ್ಕ ಜಂಗು ಹಿಡದೈತಲ್ರಿ!" ಎಂದ. ಮೂವತ್ತು ವರ್ಷದ ಭೂಗೋಳಕ್ಕೆ ಪೆಟ್ಟು ಬಿತ್ತು.

ಮೇಲಾಗಿ ಮಹಾನವಮಿ ಎದುರಿಗಿತ್ತು. ನವಮಿ ಬಂತೆಂದರೆ ನಮ್ಮ ಕಡೆ ಮನೆಯಲ್ಲಿ ತೊಳೆಯದ ವಸ್ತು ಉಳಿಯುವಂತಿಲ್ಲ. ಹಾಸಿಗೆ, ಕೌದಿ, ಅಡುಗೆಮನೆಯ ಡಬ್ಬಿ, ಅಟ್ಟದ ಮೇಲಿನ ಪೆಟ್ಟಿಗೆ, ಎಲ್ಲಕ್ಕೂ ಸ್ನಾನ. ಗಂಡಸರು ಒಂದೇ ಕಡೆ ಬಹಳ ಹೊತ್ತು ಕೂತರೆ ಅವರನ್ನೂ ತೊಳೆಯುವ ಸಂಭವವುಂಟು. ಕೌದಿಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಓಣಿಯ ಹೆಂಗಸರೊಡನೆ ಹಳ್ಳಕ್ಕೆ ಹೊರಟ ನೀಲವ್ವ ಹೊಸ್ತಿಲಲ್ಲಿ ನಿಂತು ಎಚ್ಚರಿಸಿದಳು:

"ಆ ತೊಟ್ಟಿ ಒಂದು ಮುಟ್ಟಬ್ಯಾಡ್ರಿ. ಸಮುದ್ರಕ್ಕ ಎಲ್ಲೀ ಮೈಲಿಗಿ?"

ಆಕೆ ಬರುವುದರೊಳಗೆ ಬೆಳ್ಳನೆಯ ದಂಡೆ ತೋರಿಸಿ ಬೆರಗುಗೊಳಿಸಬೇಕೆಂದು ನಾನು ಅದನ್ನೇ ಮುಟ್ಟಿದೆ.

ಮೀನುಗಳನ್ನು ಹಳೆಯ ನೀರಿನ ಸಮೇತ ಬಕೀಟಿಗಿಳಿಸಿದೆ. ಉಸುಕನ್ನು ಅಕ್ಕಿ ತೊಳೆದಂತೆ ಏಳು ನೀರಿನಲ್ಲಿ ತೊಳೆದೆ. ಎಂಟನೆಯದು ಕುದಿಯುವ ನೀರು. ವೈಜ್ಞಾನಿಕ ಮನೋಭಾವ! ಹಳೇ ಸೀರೆಯ ಮೇಲೆ ಮಾಳಿಗೆಯಲ್ಲಿ ಹರವಿದೆ. ತೊಟ್ಟಿಗೆ ನಳದ ನೀರು ತುಂಬಿದೆ. ಸಮುದ್ರದ ಉಪ್ಪು ತೀರಿತ್ತು. ಅಡುಗೆಮನೆಯ ಕಲ್ಲುಪ್ಪು ಹಾಕಿದೆ. ಸಮುದ್ರವನ್ನೇ ಕಾಣದವನಿಗೆ ಅದರ ಉಪ್ಪಿನ ಹದ ಹೇಗೆ ಗೊತ್ತಾಗಬೇಕು? ಸಾರಿನ ಹದದಲ್ಲಿ ನಾಲಿಗೆಗೆ ಹಚ್ಚಿ ನೋಡಿದೆ. ಒಂದು ಹಂತದಲ್ಲಿ ಹುಣಸೆಹಣ್ಣು ಕಡಿಮೆಯಾಯಿತೆನಿಸಿತು. ತಡೆದುಕೊಂಡೆ. ಮೀನುಗಳನ್ನು ಬಿಟ್ಟೆ.

ನೀಲವ್ವ ಬಂದಾಗ ಅವು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

"ಅಯ್ಯ ನನ್ನ ಶಿವನ! ಉಸುಕು ಎಲ್ಲೈತ್ರಿ?"

"ಮಾಳಿಗಿ ಮ್ಯಾಲ. ಒಣಗಾಕತ್ತೈತಿ."

"ಸಮುದ್ರ ಒಣಗಸಾಕ ಹಾಕೀರಿ?"

ಖಾಜಾಸಾಬರಿಗೆ ಫೋನು ಮಾಡಿ, ನೀಲವ್ವನ ಎದುರಿಗೇ, ಎಂಟು ನೀರು, ಸಾರಿನ ಹದದ ಉಪ್ಪು ಎಲ್ಲವನ್ನೂ ಒಪ್ಪಿಸಿದೆ. ಅವರು ಹೇಳಿದರು: "ಆ ಜೀವ ಎಲ್ಲಾ ಹೋಗ್ಯಾವ್ರಿ ಸರ. ಮತ್ತ ಹುಟ್ಟಾಕ ತಿಂಗಳು ಬೇಕು. ಹಳೇ ನೀರಿನಾಗ ಮೀನು ಹಾಕ್ಕೊಂಡು ಲಗೂನ ಬರ್ರಿ."

ಗಂಗಾವತಿಯ ಬಸ್ಸಿನಲ್ಲಿ ನೀಲವ್ವ ಬಕೀಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಹಿರಿಯರೊಬ್ಬರು ಇಣುಕಿದರು.

"ಯಾವ ಕೆರೀವು, ತಂಗಿ?"

"ಸಮುದ್ರದ್ದು ರೀ."

"ಎರಡ? ಸಾರಿಗೆ ಸಾಲೂದಿಲ್ಲವಾ."

ಸಾರಿನ ಮಾತು ಬಂದಾಗ ನೀಲವ್ವ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಹೊರಗೆ ಭತ್ತದ ಗದ್ದೆಗಳನ್ನು ಆಳವಾಗಿ ಅಭ್ಯಸಿಸಿದೆ.

ಖಾಜಾಸಾಬರು ಮೀನುಗಳನ್ನು ತಮ್ಮ ತೊಟ್ಟಿಗೆ ಬಿಟ್ಟರು. ಎರಡೂ ತಳಕ್ಕಿಳಿದು ಉಸುಕಿಗೆ ಮೈ ತಾಗಿಸಿದವು. ಅಲ್ಲಿನ ಉಸುಕೂ ಕಂದಾಗಿತ್ತು. "ನಿಮ್ಮ ಉಸುಕು ಜೀವ ಹಿಡೀಲಿ, ಆಮ್ಯಾಲ ಒಯ್ರಿ," ಎಂದರು. ಒಂದು ಬೈಗುಳವನ್ನೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ನೀಲವ್ವ ಮನೆಯೊಳಗೆ ಕಾಣಲಿಲ್ಲ. ಮಾಳಿಗೆ ಹತ್ತಿದೆ. ಸೀರೆ ತುಸು ಮೇಲೆತ್ತಿ, ಆ ಉಸುಕಿನ ಮೇಲೆ ಬರಿಗಾಲಲ್ಲಿ, ಪಡುವಣಕ್ಕೆ ಮುಖಮಾಡಿ ನಿಂತಿದ್ದಳು. ಆ ದಿಕ್ಕಿಗೆ ಮಾಬುಸಾಬನ ತಗಡಿನ ಛಾವಣಿ, ಅದರಾಚೆ ಒಂದು ನೀರಿನ ಟಾಕಿ. ಅವೆರಡನ್ನೂ ದಾಟಿ ಎಷ್ಟೋ ದೂರದಲ್ಲಿ ಸಮುದ್ರ. ದಿಕ್ಕು ಸರಿಯಾಗಿತ್ತು, ನನ್ನ ಹೆಂಡತಿಗೆ ಭೂಗೋಳ ಬರುತ್ತದೆ.

"ಹಿಂಗ ಇರ್ತೈತೇನ್ರಿ?"

"ಹಿಂಗ ಇರ್ತೈತಿ."

"ತೆರಿ?"

ಮೂಲೆಯಲ್ಲಿದ್ದ ಕೊಡವನ್ನೆತ್ತಿ ಆಕೆಯ ಕಾಲ ಮೇಲೆ ಮೆಲ್ಲಗೆ ನೀರು ಬಿಟ್ಟೆ. ಉಸುಕು ಬೆರಳುಗಳ ಸಂದಿನಿಂದ ಜಾರಿ ಹೋಯಿತು. ಆಕೆ ಕೆಳಗೆ ನೋಡುತ್ತಲೇ ಇದ್ದಳು.

"ಖರೆನ ಹೇಳೀರಿ, ಮಾಸ್ತರ್ರ," ಎಂದಳು. ಕಾಲನ್ನು ಉಸುಕಿನಲ್ಲಿ ಮತ್ತೆ ಊರಿ, "ಇನ್ನೊಂದು ತೆರಿ ಬಿಡ್ರಿ."

ಕೊಡದಲ್ಲಿ ನೀರಿರಲಿಲ್ಲ. ನಳ ನಾಳೆ ಬರುವುದಿತ್ತು.

"ಈ ಬ್ಯಾಸಗಿಗೆ..." ಎಂದು ಶುರು ಮಾಡಿದೆ.

"ಬ್ಯಾಡ್ರಿ," ಎಂದಳು ನೀಲವ್ವ.

ಮೀನುಗಳು ಗಂಗಾವತಿಯಲ್ಲಿವೆ. ತೊಟ್ಟಿಯಲ್ಲಿ ಗೋಧಿ ಇಟ್ಟಿದ್ದೇವೆ. ನಾವಿಬ್ಬರೂ ಇನ್ನೂ ಸಮುದ್ರ ನೋಡಿಲ್ಲ.