ಹಿಮದ ಬೆಟ್ಟಕ್ಕೊಂದು ಬಿಡದಿ

ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಸುಲಭ. ಹೋಗಿ ಎಲ್ಲಿ ಇಳಿದುಕೊಳ್ಳಬೇಕೆಂಬ ಮಾತಿನಲ್ಲೇ ಮನೆಗಳು ಒಡೆಯುತ್ತವೆ ಎಂಬುದು ನನ್ನ ಅನುಭವ. ಮದುವೆಯ ದಿಬ್ಬಣವಾಗಲಿ, ತೀರ್ಥಯಾತ್ರೆಯಾಗಲಿ, ಹೊರಟವರೆಲ್ಲ ಒಂದೇ ಸಮನಾಗಿರುವುದಿಲ್ಲವಲ್ಲ. ಒಬ್ಬನಿಗೆ ಓಡಬೇಕು, ಒಬ್ಬಳಿಗೆ ಕೂರಬೇಕು, ಇನ್ನೊಬ್ಬರಿಗೆ ಬಿಸಿನೀರು ಸಿಕ್ಕರೆ ಅದೇ ವೈಕುಂಠ. ಇಷ್ಟು ಠೀವಿಯಿಂದ ಮಾತಾಡುವ ನಾನು ಯಾರೆಂದರೆ, ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು, ಚಿನ್ನದ ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತಗಿರಿ ಮಾಡಿ, ಸಂಜೆ ಅದೇ ರೈಲಿನಲ್ಲಿ ಹಿಂತಿರುಗುತ್ತಿದ್ದ ಒಬ್ಬ ಸಾಧಾರಣ ಗೃಹಸ್ಥ. ಹಿಮ ಎಂಬುದನ್ನು ನಾನು ಕಂಡದ್ದೆಲ್ಲ ದೊರೆಗಳ ಕ್ಲಬ್ಬಿನ ಹಿಂಬಾಗಿಲಿನಲ್ಲಿ, ಮರದ ಹೊಟ್ಟು ಮೆತ್ತಿಕೊಂಡ ಮಂಜುಗಡ್ಡೆಯ ರೂಪದಲ್ಲಿ. ಅಂಥ ನಾನು, ಆಲ್ಪ್ಸ್ ಪರ್ವತದಲ್ಲಿ ಒಂದು ಬಿಳಿಯರ ಕುಟುಂಬ ಯಾವ ಹಳ್ಳಿಯಲ್ಲಿ ಬೀಡುಬಿಟ್ಟು ಹಿಮದ ಮೇಲೆ ಜಾರಬೇಕೆಂಬುದನ್ನು ತೀರ್ಮಾನಿಸಿದೆ. ನಂಬದಿದ್ದರೆ ನಷ್ಟ ನಿಮಗೇ.

ಇದರಲ್ಲಿ ನನಗೇನು ಲಾಭವೆಂದು ಕೇಳಿದರೆ, ನನ್ನ ಮಗನ ಕೂದಲು. ನಮ್ಮ ಮನೆಯಲ್ಲಿ ಮೊದಲ ಮುಡಿ ತಿರುಪತಿಯಲ್ಲೇ ಕೊಡಬೇಕು. ಬೆಸ ವರ್ಷದಲ್ಲಿ ಕೊಡಬೇಕು. ಮಗು ಅಪ್ಪನ ತೊಡೆಯ ಮೇಲೇ ಕೂತಿರಬೇಕು. ಮೊದಲ ವರ್ಷ ನನಗೆ ವಿಷಮಶೀತ ಜ್ವರ ಬಂದು ತಪ್ಪಿಹೋಯಿತು. ಈಗ ಮೂರನೆಯ ವರ್ಷ ಮುಗಿಯುತ್ತ ಬಂದಿತ್ತು. ಅದು ಕಳೆದರೆ ಐದನೆಯ ವರ್ಷದವರೆಗೆ ಕಾಯಬೇಕು. ಆಗಲೇ ಮಗನ ಕೂದಲು ಕಣ್ಣು ಮುಚ್ಚುವಷ್ಟು ಬೆಳೆದು, ನನ್ನ ಹೆಂಡತಿ ನಂಜಮ್ಮ ಅದನ್ನು ಎರಡು ಜಡೆ ಹಾಕಿ ಕನಕಾಂಬರ ಮುಡಿಸುತ್ತಿದ್ದಳು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಹಿರಿಯರು ಅವನ ಗಲ್ಲ ಹಿಡಿದು, ಈ ಹುಡುಗಿಗೆ ಒಳ್ಳೇ ಗಂಡ ಸಿಗಲಿ ಎಂದು ಹರಸಿದರು. ಅಂದು ರಾತ್ರಿ ಊಟಕ್ಕೆ ಬಡಿಸುತ್ತ ನಂಜಮ್ಮ ಹೇಳಿದಳು: "ರಜ ತಗೊಂಡ್ ಬತ್ತೀರೋ, ಇಲ್ಲ ಇವ್ನಿಗೊಂದು ಮೂಗುಬೊಟ್ಟು ಮಾಡಿಸ್ಕೊಂಡ್ ಬತ್ತೀರೋ, ನೀವೇ ಯೋಚ್ನೆ ಮಾಡಿ." ನಾನು ತಲೆ ಎತ್ತದೆ ಮುದ್ದೆ ನುಂಗಿದೆ.

ರಜೆ ಕೊಡಬೇಕಾದವರು ನಮ್ಮ ಕಚೇರಿಯ ಬಿಳಿಯ ದೊರೆ. ಒಳ್ಳೆಯ ಮನುಷ್ಯ, ಆದರೆ ಆ ದಿನಗಳಲ್ಲಿ ಅವರ ಮುಖ ಸುಟ್ಟ ಬದನೆಕಾಯಿಯ ಹಾಗಿರುತ್ತಿತ್ತು. ಕಾರಣ ಸಣ್ಣದು. ಚಳಿಗಾಲಕ್ಕೆ ಅವರು ಸೀಮೆಗೆ, ಎಂದರೆ ಇಂಗ್ಲೆಂಡಿಗೆ, ಹೋಗುವವರಿದ್ದರು. ಹೋದಾಗ ಅಕ್ಕ ಭಾವಂದಿರನ್ನು ಕೂಡಿಕೊಂಡು ಆಲ್ಪ್ಸ್ ಬೆಟ್ಟದಲ್ಲಿ ಕೆಲವು ವಾರ ಕಳೆಯುವುದೆಂದು ಗೊತ್ತಾಗಿತ್ತು. ಯಾವ ಹಳ್ಳಿಯಲ್ಲಿ ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ದೊರೆ ಎಳೆತನದಿಂದ ಹಿಮದ ಮೇಲೆ ಜಾರಿದವರು. ಕಡಿದಾದಷ್ಟೂ ಅವರಿಗೆ ಸಂತೋಷ. ದೊರೆಸಾನಿ ಒಂದೇ ಸಲ ಜಾರಿ, ಹಿಮವೇ ಸರಿಯಿಲ್ಲ ಎಂದು ಎದ್ದು ಬಂದವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ನಮ್ಮ ಗಾದೆ ಆ ಸೀಮೆಯಲ್ಲೂ ನಡೆಯುತ್ತದೆ. ಅಕ್ಕನವರಿಗೆ ಸೊಂಟನೋವು, ಅವರು ಕೂರುವವರು. ಭಾವ ಬಾಯಲ್ಲಿ ಮಾತ್ರ ಜಾರುವವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡು, ಮಲಗಿ, ಎದ್ದು, ಪುನಃ ಅದನ್ನೇ ಮುಂದುವರಿಸುತ್ತಿದ್ದರು. ದೊರೆ ಕಚೇರಿಗೆ ಬಂದು ಯಾವ ಅರ್ಜಿಗೂ ರುಜು ಹಾಕದೆ ಕೂರುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಮಾತು ಸರಿ; ಇಲ್ಲಿ ಗಂಡ ಹೆಂಡಿರು ಅವರು, ಕೂಸು ನನ್ನದು.

ಕೊನೆಗೊಂದು ದಿನ ಧೈರ್ಯ ಮಾಡಿ ರಜೆಯ ಮಾತೆತ್ತಿದೆ. ಅಪ್ಪ, ಅಮ್ಮ, ಮಗು, ಮಂಡಿನೋವಿನ ಮುದಿ ಸೋದರತ್ತೆ, ಇಷ್ಟು ಜನ ಬೆಟ್ಟ ಹತ್ತಬೇಕೆಂದು ವಿವರಿಸಿದೆ.  ದೊರೆ ಮೇಜಿನ ಮೇಲಿದ್ದ ಬಣ್ಣಬಣ್ಣದ ಪ್ರಯಾಣದ ಪುಸ್ತಿಕೆಗಳನ್ನೆಲ್ಲ ನನ್ನತ್ತ ತಳ್ಳಿ, "ಇಂಥ ಗುಂಪನ್ನು ಬೆಟ್ಟಕ್ಕೆ ಕರೆದೊಯ್ಯುವ ವಿದ್ಯೆ ನಿನಗೆ ಗೊತ್ತಿರುವಂತಿದೆ. ನನಗೂ ಒಂದು ಊರು ಆರಿಸಿಕೊಡು. ನನ್ನ ಹೆಂಡತಿ ಒಪ್ಪಿದ ದಿನ ನಿನ್ನ ರಜೆಗೆ ರುಜು" ಎಂದರು. ಹೊರಗಿನವನು ಆರಿಸಿದರೆ ಗೆದ್ದವರು ಸೋತವರು ಯಾರೂ ಇರುವುದಿಲ್ಲವೆಂಬುದು ಅವರ ಲೆಕ್ಕ. ಮನೆಯೊಳಗಿನ ಇಂಥ ರಾಜಕೀಯ ನನಗೂ ಹೊಸದಲ್ಲ.

ಆದರೆ ಜಾರುವುದು ಎಂದರೇನೆಂದು ತಿಳಿಯದೆ ಊರು ಆರಿಸುವುದು ಹೇಗೆ? ಅದನ್ನು ಕೇಳಿದ್ದೇ ತಪ್ಪಾಯಿತು. ದೊರೆ ಅಂದು ಸಂಜೆಯೇ ಬಂಗಲೆಯಿಂದ ಎರಡು ಉದ್ದನೆಯ ಹಲಗೆಗಳನ್ನು ತರಿಸಿ, ನನ್ನನ್ನೂ ಕಚೇರಿಯ ಜವಾನ ಮುನಿಶಾಮಿಯನ್ನೂ ಸೈನೈಡ್ ದಿಬ್ಬಕ್ಕೆ ಕರೆದುಕೊಂಡು ಹೋದರು. ಅದಿರು ಅರೆದು ಚಿನ್ನ ಹೀರಿದ ಮೇಲೆ ಉಳಿಯುವ ಬೂದುಮಣ್ಣನ್ನು ಸುರಿದು ಸುರಿದು ಬೆಳೆದ ಗುಡ್ಡ ಅದು. ಬೆಳದಿಂಗಳಲ್ಲಿ ದೂರದಿಂದ ನೋಡಿದರೆ ಹಿಮವೆಂದರೂ ನಂಬಬಹುದು. ದೊರೆ ಅದರ ನೆತ್ತಿಗೆ ಹತ್ತಿ, ಹಲಗೆಗಳನ್ನು ಪಾದಕ್ಕೆ ಬಿಗಿದುಕೊಂಡು, ಮಂಡಿ ಬಗ್ಗಿಸಿ, ಹೀಗೆ ನೋಡು ಎಂದು ಕೂಗಿ ಹೊರಟರು. ಮಣ್ಣು ಹಿಮವಲ್ಲವಲ್ಲ, ನಾಲ್ಕು ಮಾರು ಬಂದು ಹಲಗೆ ನಿಂತಿತು. ದೊರೆ ನಿಲ್ಲಲಿಲ್ಲ. ಉಳಿದ ದಾರಿಯನ್ನು ಕೂತುಕೊಂಡೇ ಬಂದರು. ಮೈತುಂಬ ಬೂದಿ ಬಳಿದುಕೊಂಡ ಬೈರಾಗಿಯ ಹಾಗೆ ಎದ್ದು ನಿಂತು, ಹಿಮದಲ್ಲಿ ಹೀಗಾಗುವುದಿಲ್ಲ ಎಂದರು.

ಮುನಿಶಾಮಿ ಕಾಮಸಮುದ್ರದ ಕಡೆಯವನು. ಹಿಂತಿರುಗುವಾಗ ಹಲಗೆ ಹೊತ್ತುಕೊಂಡು ನನ್ನ ಕಿವಿಯಲ್ಲಿ ಹೇಳಿದ: "ಅಲ್ಲ ಸ್ವಾಮಿ, ಜಾರಾಕೆ ಅಡಗು ಅತ್ತಿ ಅಷ್ಟು ದೂರ ಓಗ್ಬೇಕಾ? ಮಳೆ ಬಂದ್ ದಿವ್ಸ ನಮ್ಮೂರ ಕೆರೆ ಏರಿ ಮ್ಯಾಲೆ ಒಂದು ಎಜ್ಜೆ ಇಟ್ರೆ ಸಾಕು, ಬೇಡಾ ಅಂದ್ರೂ ಜಾರ್ತಾರೆ." ನನಗೂ ಅದೇ ಸೋಜಿಗ. ನಮ್ಮ ಗಣಿಯಲ್ಲಿ ಜನರನ್ನು ಕೆಳಕ್ಕೆ ಇಳಿಸಿ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲಿ ಮೇಲಕ್ಕೆ ಎಳೆದು ಕೆಳಕ್ಕೆ ಬಿಡುತ್ತಾರೆ. ಲೋಕದಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ವಿನೋದವಾಗಿರುತ್ತದೆ ಎಂದುಕೊಂಡು ರೈಲು ಹತ್ತಿದೆ.

ಪುಸ್ತಿಕೆಗಳನ್ನು ಮನೆಗೇ ಒಯ್ದಿದ್ದೆ. ಎಷ್ಟು ತಿರುವಿದರೂ ಬಗೆಹರಿಯಲಿಲ್ಲ. ದೂರದ ಬೆಟ್ಟ ನುಣ್ಣಗೆ; ಚಿತ್ರದ ಬೆಟ್ಟ ಇನ್ನೂ ನುಣ್ಣಗೆ. ದೊರೆ ಮೆಚ್ಚಿದ ಊರಿನ ಚಿತ್ರದಲ್ಲಿ ಮನುಷ್ಯರು ನೆಲದ ಮೇಲೇ ಇರಲಿಲ್ಲ, ಆಕಾಶದಲ್ಲಿದ್ದರು. ದೊರೆಸಾನಿ ಮೆಚ್ಚಿದ ಊರಿನಲ್ಲಿ ಅಂಗಡಿ, ವಾದ್ಯ, ಚಹಾ ಎಲ್ಲ ಇದ್ದವು, ಬೆಟ್ಟ ಮಾತ್ರ ಇಷ್ಟೇ ಇಷ್ಟಿತ್ತು. ಆಗ ನನಗೆ ಚೌಡತ್ತೆಯ ನೆನಪಾಯಿತು. ನೆನಪಾಗುವುದೇನು, ಪಕ್ಕದಲ್ಲೇ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ನನ್ನ ಸೋದರತ್ತೆ. ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಗಂಡಿನವರಿಗೆ ಬಿಡದಿ ಮನೆ ನೋಡುವವಳು ಅವಳೇ. ಬೀಗರು ಇಳಿದುಕೊಂಡ ಮನೆಯಲ್ಲಿ ಒಂದು ಚೊಂಬು ನೀರು ಕಡಿಮೆಯಾದರೂ ಮದುವೆ ಮುರಿಯುವ ಕಾಲ ಅದು. ಅವಳು ನೋಡಿದ ಬಿಡದಿಯಿಂದ ಯಾವ ಬೀಗರೂ ಮುನಿಸಿಕೊಂಡು ಎದ್ದು ಹೋದದ್ದಿಲ್ಲ. ನಾನು ಎಲ್ಲವನ್ನೂ ವಿವರಿಸಿದೆ. ಹಿಮ ಎಂದರೇನೆಂದು ಅವಳು ಕೇಳಲೇ ಇಲ್ಲ.

"ಕೂರೋರು ಎಷ್ಟು ಜನ?" ಎಂದಳು.

"ಅಕ್ಕನೋರು ಒಬ್ರೇ."

"ಅಂಗಾದ್ರೆ ಅವ್ಳಿಗೇ ಬಿಡದಿ ನೋಡು ನಾಯನಾ. ಬಲವಾಗಿರೋನ್ಗೆ ನೋಡಬ್ಯಾಡ. ಅವ್ನು ಎಲ್ಲಿ ಬಿಟ್ರೂ ಬೆಟ್ಟ ಅತ್ತತಾನೆ. ಕೂರೋರ ಕಣ್ಣಿಗೆ ಬೆಟ್ಟ ಕಾಣ್ಬೇಕು, ಕಾಲಿಗೆ ಬಿಸ್ನೀರು ಸಿಗ್ಬೇಕು, ಬೆಟ್ಟದ್ ಮೇಲಿಂದ ನಮ್ಮೋರು ಇಳ್ದು ಬರೋದು ಕೂತಲ್ಲಿಂದ್ಲೇ ಕಾಣ್ಬೇಕು. ಕೂರೋರು ಗೊಣಗಿದ್ರೆ ಯಾವನೂ ಜಾರಕಾಗಲ್ಲ ಕಣ್ಲಾ."

ಈ ದೃಷ್ಟಿಯಿಂದ ಹುಡುಕಿದಾಗ, ಯಾರೂ ಕೈಯಿಟ್ಟಿರದ ಒಂದು ತೆಳ್ಳನೆಯ ಪುಸ್ತಿಕೆಯಲ್ಲಿ ನನ್ನ ಊರು ಸಿಕ್ಕಿತು. ಬೆಟ್ಟದ ನಡುಮಧ್ಯೆ ಜಗಲಿ ಕಟ್ಟಿದ ಹಾಗೆ ಒಂದು ಹಳ್ಳಿ. ಅಲ್ಲಿಯ ತನಕ ಹಲ್ಲುಗಾಲಿಯಿಂದ ಬೆಟ್ಟ ಹತ್ತುವ ಪುಟ್ಟ ರೈಲು; ಸೊಂಟನೋವಿನವರು ಇಳಿದು ನೇರ ಬಿಡದಿಗೆ ನಡೆಯಬಹುದು. ಬಿಡದಿಯ ಮುಂದೆ ಕೆರೆ ಏರಿಯಷ್ಟೇ ಇಳಿಜಾರು, ಅದು ದೊರೆಸಾನಿಗೆ. ಅದರಾಚೆ ಹಗ್ಗದ ಮೇಲೆ ತೊಟ್ಟಿಲಿನಲ್ಲಿ ಕೂರಿಸಿ ನೆತ್ತಿಗೆ ಎಳೆಯುವ ಯಂತ್ರ, ಅದು ದೊರೆಗೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಟ್ಟಕ್ಕೆ ಮುಖಮಾಡಿದ ಬಿಸಿಲು ಜಗಲಿ. ಸಾಲಾಗಿ ಕುರ್ಚಿ, ಕುರ್ಚಿಗೊಂದು ಕಂಬಳಿ. ಭಾವನವರಿಗೆ ಪಕ್ಕದಲ್ಲೇ ಹೆಂಡದಂಗಡಿಯಿತ್ತು. ದೊರೆಗೆ ಹೇಳಿದಾಗ ಮೊದಲು ಮೂಗು ಮುರಿದರು. ಅವರ ತಕರಾರೆಲ್ಲ ಆ ಕುರ್ಚಿಗಳ ಮೇಲೆ. ಮುದುಕರ ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದರು. ದೊರೆಸಾನಿ ಮಾತ್ರ ಒಂದೇ ಮಾತಿಗೆ ಒಪ್ಪಿದರು. ರಜೆಗೆ ರುಜು ಬಿತ್ತು. ಹಡಗು ಹತ್ತಲು ಹೊರಡುವ ದಿನ ದೊರೆ ಕೈಕುಲುಕಿ, "ನಿನ್ನ ಅತ್ತೆಯ ಮಂಡಿ ಜೋಪಾನ" ಎಂದರು.

ಜೋಪಾನ ಮಾಡದೆ ಇರುತ್ತೇನೆಯೇ? ಜೋಲಾರಪೇಟೆ, ಕಾಟ್ಪಾಡಿಗಳಲ್ಲಿ ರೈಲು ಬದಲಿಸಿ ತಿರುಪತಿ ತಲುಪಿದೊಡನೆ, ಬೆಟ್ಟದ ಬುಡದಲ್ಲಿ ಅತ್ತೆಗೊಂದು ಡೋಲಿ ಗೊತ್ತು ಮಾಡಿದೆ. ಆಲ್ಪ್ಸ್‌ಗೇ ಬಿಡದಿ ನೋಡಿದವನಿಗೆ ಇದೇನು ದೊಡ್ಡದು? ಅತ್ತೆ ಡೋಲಿಯನ್ನು ಒಮ್ಮೆ ನೋಡಿ, ಸೆರಗಿನಿಂದ ಅರಿಶಿನ ಕುಂಕುಮದ ಗಂಟು ಬಿಚ್ಚಿದಳು. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಹತ್ತುವ ಹರಕೆಯಂತೆ. "ಯಾವಾಗ ಹೊತ್ತೆ?" ಎಂದು ಕೇಳಿದೆ. "ನಿನ್ ಮಗನ್ಗೆ ಎರಡು ಜಡೆ ಆಕ್ದಾಗ" ಎಂದಳು. ನಂಜಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅವಳ ಜೊತೆಗೇ ನಿಂತಳು. ಒಬ್ಬಳು ಬಗ್ಗುವುದು, ಬೊಟ್ಟಿಡುವುದು, ಒಂದು ಗೋವಿಂದಾ, ಮುಂದಿನ ಮೆಟ್ಟಿಲು. ಇನ್ನೊಬ್ಬಳು ಅದೇ ಹೆಜ್ಜೆಗೆ ಹಿಂದೆ. ಈ ವೇಗದಲ್ಲಿ ಮಗನಿಗೆ ಮದುವೆಯ ವಯಸ್ಸಾಗುತ್ತದೆ ಎಂದು ನಗೆಯಾಡಿ, ನಾನು ಎರಡೆರಡು ಮೆಟ್ಟಿಲು ಹಾರಿಕೊಂಡು ಮುಂದೆ ನಡೆದೆ. ಮೊದಲ ಏರು ಮುಗಿಯುವ ಗಾಳಿಗೋಪುರದ ಬಳಿ ಕೂತು ಅವರಿಗಾಗಿ ಕಾಯುತ್ತ, ದಾರಿಯಲ್ಲಿ ಬರುವವರಿಗೆಲ್ಲ ಉಸಿರು ಬಿಡುವ ಕ್ರಮವನ್ನು ಬೋಧಿಸಿದೆ. ಅವರು ಬಂದು, ಕೂರದೆ, ಮುಂದಕ್ಕೆ ಹೋದರು. ನಾನು ಏಳಲು ನೋಡಿದರೆ ಕಾಲು ನನ್ನ ಜೊತೆ ಬರಲೊಲ್ಲದು.

ಹೇಗೋ ಸಮತಟ್ಟಿನ ದಾರಿ ಕಳೆದೆ. ಮುಂದೆ ಮಂಡಿಬೆಟ್ಟ. ಮಂಡಿ ಮುಟ್ಟುವಂಥ ಮೆಟ್ಟಿಲುಗಳೆಂದು ಅದಕ್ಕೆ ಆ ಹೆಸರು. ಮೂರನೆಯ ಮೆಟ್ಟಿಲಿಗೇ ನನ್ನ ಮಂಡಿಯಲ್ಲಿ ಏನೋ ಕಳಕ್ ಎಂದಿತು. ಕಚೇರಿಯ ಕುರ್ಚಿಯಲ್ಲಿ ಬೆಳೆದ ಮಂಡಿ, ಪಾಪ, ಅದರದೇನು ತಪ್ಪು? ಕೂತೆ. ಅಪ್ಪನ ತೊಡೆಯಿಲ್ಲದೆ ಮುಡಿಯಿಲ್ಲ. ತೊಡೆಯೋ ಇಲ್ಲೇ ಮೆಟ್ಟಿಲಿನ ಮೇಲೆ ಬಿದ್ದಿದೆ. ಐದನೆಯ ವರ್ಷದವರೆಗೆ ಜಡೆ, ಕನಕಾಂಬರ, ನಂಜಮ್ಮನ ಮುಖ, ಎಲ್ಲ ಕಣ್ಣಮುಂದೆ ಬಂದು ನಿಜವಾಗಿಯೂ ಅಳು ಬಂತು. ಎರಡು ಮೆಟ್ಟಿಲು ಮೇಲಿದ್ದ ಅತ್ತೆ ಕುಂಕುಮದ ಬೆರಳಲ್ಲಿ ಹಿಂದಕ್ಕೆ ತೋರಿಸಿದಳು. ನಾನು ಗೊತ್ತು ಮಾಡಿದ್ದ ಡೋಲಿ ಬುಡದಿಂದಲೂ ಖಾಲಿಯಾಗಿ ನಮ್ಮ ಬೆನ್ನಿಗೇ ಬರುತ್ತಿತ್ತು. "ಅತ್ಕೊಳ್ಳಲಾ ಸೀನ. ನಾಚ್ಕೆಯೇನು, ದೇವ್ರು ನಡ್ಕೊಂಡ್ ಬಾ ಅಂತ ಏಳಿಲ್ವಲ್ಲ."

ಹೀಗೆ ನಾನು ಡೋಲಿಯಲ್ಲಿ, ಮುದಿ ಅತ್ತೆ ನಡೆದುಕೊಂಡು ಬೆಟ್ಟ ಸೇರಿದೆವು. ಎದುರು ಬಂದವರೆಲ್ಲ ನನ್ನನ್ನು ಕಂಡು, ಇಷ್ಟು ಚಿಕ್ಕ ವಯಸ್ಸಿಗೇ ಏನು ಕಾಯಿಲೆಯೋ ಎಂದು ಲೊಚಗುಟ್ಟಿದರು. ಮುಡಿಕಟ್ಟೆಯಲ್ಲಿ ನನ್ನನ್ನು ಇಬ್ಬರು ಹಿಡಿದು ಕೂರಿಸಿ, ನನ್ನ ತೊಡೆಯ ಮೇಲೆ ಮಗನನ್ನು ಕೂರಿಸಿದರು. ಬೋಳುತಲೆಯ ಮಗ ನನ್ನ ಕಡೆ ತಿರುಗಿ ನಕ್ಕಾಗ, ಮಂಡಿಯ ನೋವನ್ನೂ ಮರೆತು ಹಿಗ್ಗಿದೆ.

ಬೇಸಗೆಯಲ್ಲಿ ದೊರೆ ಹಿಂತಿರುಗಿದರು. ಕಚೇರಿಯ ಮೆಟ್ಟಿಲಿನ ಮೇಲೆ ಟಕ್ ಟಕ್ ಎಂದು ಸದ್ದು. ನೋಡಿದರೆ ಕೈಯಲ್ಲಿ ಊರುಗೋಲು. ಹೋದ ಮೊದಲ ಬೆಳಿಗ್ಗೆಯೇ, ಹೀಗೆ ನೋಡು ಎಂದು ಭಾವನಿಗೆ ತೋರಿಸಲು ಹೋಗಿ ಬಿದ್ದರಂತೆ. ಉಳಿದ ವಾರಗಳೆಲ್ಲ ಜಗಲಿಯ ಕುರ್ಚಿಯಲ್ಲಿ, ಅಕ್ಕನ ಪಕ್ಕ, ಕಂಬಳಿ ಹೊದ್ದು. ದೊರೆಸಾನಿ ಕೆರೆ ಏರಿಯ ಮೇಲೆ ಕಲಿತು, ಕಡೆಕಡೆಗೆ ತೊಟ್ಟಿಲಲ್ಲಿ ನೆತ್ತಿಗೆ ಹೋಗಿ ಜಾರಿ ಬರುತ್ತಿದ್ದುದನ್ನು ಅವರು ಅಲ್ಲಿಂದಲೇ ನೋಡಿದರಂತೆ. "ಆ ಕುರ್ಚಿ ಬಹಳ ಚೆನ್ನಾಗಿತ್ತು" ಎಂದು ಒಪ್ಪಿಕೊಂಡು, "ನಿನ್ನ ಅತ್ತೆಯ ಮಂಡಿ ಹೇಗಿದೆ?" ಎಂದು ಕೇಳಿದರು. ನಾನು ಇನ್ನೂ ಹರಳೆಣ್ಣೆ ಪಟ್ಟಿ ಕಟ್ಟಿದ್ದ ಕಾಲನ್ನು ಮೇಜಿನ ಕೆಳಗೆ ಎಳೆದುಕೊಂಡು, ಅವರದು ಚೆನ್ನಾಗಿದೆ ಎಂದೆ.

ಇದನ್ನೆಲ್ಲ ಅತ್ತೆಗೆ ಹೇಳಿದಾಗ ಅವಳು ನಗಲಿಲ್ಲ. ಅವಳ ವೃತ್ತಿಯಲ್ಲಿ ಇದೂ ಒಂದು ಪಾಠವೆಂಬಂತೆ ತಲೆಯಾಡಿಸಿದಳು. ಈಗ ಯಾರ ಮನೆಯ ಮದುವೆಗೆ ಬಿಡದಿ ನೋಡಲು ಹೊರಟರೂ ನನ್ನನ್ನು ಜೊತೆಗೆ ಕರೆದೊಯ್ಯುತ್ತಾಳೆ. ನನ್ನ ಅಭಿಪ್ರಾಯ ಕೇಳುವುದಕ್ಕಲ್ಲ. ಮನೆಯ ಜಗಲಿಯಲ್ಲಿ ನನ್ನನ್ನು ಕೂರಿಸಿ, ತಾನು ಹಿತ್ತಿಲು ಬಾವಿ ಎಲ್ಲ ನೋಡಿಕೊಂಡು ಬಂದು, ಬೀಗರ ಎದುರಿಗೇ ಕೇಳುತ್ತಾಳೆ: "ಎಂಗದೆ ಸೀನ, ಕೂರಕ್ಕೆ ಸುಖವಾಗದಾ? ನಿಂಗೆ ಆದ್ರೆ ಎಲ್ರಿಗೂ ಆಗ್ತದೆ."