ದೇವರಿಗೆ ಕೆಲಸ ಹೇಳುತ್ತಿದ್ದ ಚಿಕ್ಕಮ್ಮ

ಶಿಕಾರಿಪುರದ ನನ್ನ ಚಿಕ್ಕಮ್ಮನ ಕೈಯಲ್ಲಿ ದೇವರು ಪಟ್ಟ ಪಾಡನ್ನು ಯಾವ ಸೊಸೆಯೂ ಪಟ್ಟಿರಲಾರಳು! ಬೆಳಿಗ್ಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆಂದರೆ ಅದು ಪ್ರಾರ್ಥನೆಯೆಂದು ಯಾರು ಹೇಳಬೇಕು? ದಿನದ ಕೆಲಸಗಳನ್ನೆಲ್ಲ ಅವನಿಗೆ ವೇಳೆ ಸಮೇತ ವಹಿಸುತ್ತಿದ್ದರು.

"ಪೂಜೆ ಮಾಡ್ತೀಯೋ, ಆಳಿಗೆ ಕೆಲಸ ಹೇಳ್ತೀಯೋ?" ಎಂದು ಚಿಕ್ಕಪ್ಪ ರೇಗಿಸಿದರೆ, "ಬಿಡಿಸಿ ಹೇಳ್ದಿದ್ರೆ ಅವನಿಗೆ ಹೆಂಗ ತಿಳೀಬೇಕ್ರೀ? ಊರ ಮಂದಿ ಎಲ್ಲಾ ಒಮ್ಮೆಗೇ ಕೂಗ್ತಿರ್ತಾರ!" ಎನ್ನುತ್ತಿದ್ದರು.

ಒಮ್ಮೆ ಸೊರಬದ ಮಗಳ ಮನೆಗೆ ಹೊರಟಾಗ, "ಕಿಟಕಿ ಪಕ್ಕದ ಸೀಟು ಕೊಡಪ್ಪಾ, ಬಿಸಿಲು ಬೀಳದ ಕಡೆ" ಎಂದು ಬೇಡಿಕೊಂಡರು. ಸೀಟೇನೋ ಸಿಕ್ಕಿತು. ಬಸ್ಸು ಮಾತ್ರ ಶಿವಮೊಗ್ಗದ್ದು! "ಅವನ ತಪ್ಪಲ್ಲ ಬಿಡು, ಊರಿನ ಹೆಸರು ಹೇಳೋದು ನಾನೇ ಮರ್ತೆ" ಎಂದರು.

ಇನ್ನೊಂದು ಸಲ ಮಾಳಿಗೆ ಮೇಲೆ ಸಂಡಿಗೆ ಇಟ್ಟು, ನಾಲ್ಕು ಗಂಟೆವರೆಗೆ ಮಳೆ ಬೇಡವೆಂದು ಅಪ್ಪಣೆ ಕೊಟ್ಟಿದ್ದರು. ಪಕ್ಕದ ಮನೆಯ ರೈತ ಗೋಡೆಯಾಚೆಯಿಂದ ಕೈಮುಗಿದ: "ಅಕ್ಕಾರೆ, ನಿಮ್ಮ ಪ್ರಾರ್ಥನೆ ವಾಪಸ್ ತಗೋರೀ, ನಾ ನಿನ್ನೆ ಬಿತ್ತೀನಿ!" ಚಿಕ್ಕಮ್ಮ ಯೋಚಿಸಿ ತಿದ್ದುಪಡಿ ತಂದರು: "ಅವನ ಹೊಲಕ್ಕೆ ಸುರಿಸು, ನಮ್ಮ ಮಾಳಿಗೆ ಬಿಡು." ಹತ್ತೇ ನಿಮಿಷ! ಹೊಲವೂ ತೊಯ್ಯಿತು, ಸಂಡಿಗೆಯೂ ತೊಯ್ಯಿತು. "ಅರ್ಧ ಕೇಳಿಸ್ಕೊಂಡು ಓಡ್ಯಾನ" ಎಂದು ಗೊಣಗಿದರು.

ಸೊರಬದ ಮಗಳು ಬಸುರಿಯಾದಾಗ ಬೇಡಿಕೆ ಬೆಳೆಯಿತು: ಮೊಮ್ಮಗಳೇ ಬೇಕು, ಮೂಗು ತನ್ನದಿರಲಿ, ಬಣ್ಣ ಬೀಗರದಿರಲಿ, ಹಠ ಮಾತ್ರ ಯಾರದೂ ಬೇಡ!

ಏಳನೇ ತಿಂಗಳಲ್ಲೇ ನೋವು ಶುರುವಾಯಿತೆಂದು ಅಳಿಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ. ನಾನು ಚಿಕ್ಕಮ್ಮನನ್ನು ಸ್ಕೂಟರಿನಲ್ಲಿ ಸೊರಬಕ್ಕೆ ಕರೆದೊಯ್ದೆ. "ಇಬ್ಬರಿಗೂ ಕಷ್ಟ ಇದೆ, ಈಗಲೇ ಏನೂ ಹೇಳೋಕಾಗಲ್ಲ" ಎಂದರು ಡಾಕ್ಟರು.

ಚಿಕ್ಕಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಇನ್ನು ಆಜ್ಞೆ ಹೊರಡುತ್ತದೆಂದು ಕಾದೆ. ಅವರು ಲಿಂಗಕ್ಕೆ ಹಣೆ ಹಚ್ಚಿ, "ನನಗೇನೂ ತಿಳೀವಲ್ದಪ್ಪಾ. ನಿನ್ನ ಮನಸಿಗೆ ಬಂದಂಗಾಗ್ಲಿ. ನನ್ನ ಮಾತ್ರ ಬಿಡಬ್ಯಾಡ" ಎಂದರು.

ಕೂಸು ಉಳಿಯಲಿಲ್ಲ. ಹೆಣ್ಣುಕೂಸು. ಸಂಜೆ ಮಗಳು ಕಣ್ಣು ತೆರೆದು, "ದೇವರಿಗೆ ಹೇಳ್ಲಿಲ್ಲೇನವ್ವಾ?" ಎಂದಳು.

ಚಿಕ್ಕಮ್ಮ ಅವಳ ತಲೆ ಸವರಿದರು. "ಏನೂ ಹೇಳಾಕ ಆಗ್ಲಿಲ್ಲ ಮಗಾ. ನಿಮ್ಮಿಬ್ರನ್ನೂ ಅವನ ಕೈಯಾಗ ಕೊಟ್ಟು ಕೂತೆ. ಅವಳನ್ನ ತಾನೇ ಇಟ್ಕೊಂಡ. ನಿನ್ನ ನನಗ ಕೊಟ್ಟ."

ಆಮೇಲೆ ಮಗಳ ಕೆನ್ನೆಗೆ ಕೆನ್ನೆ ಒತ್ತಿದರು. ತಾಯಿ ಮಗಳಿಬ್ಬರೂ ದನಿ ತೆಗೆದು ಅತ್ತರು.