ಮೂರು ನಿಮಿಷದ ಆಟ

ನೌಕರಿ ಎಂಬುದು ಮನುಷ್ಯನಿಗೆ ಸಂಬಳದ ಜೊತೆಗೆ ಒಂದು ಚಾಳಿಯನ್ನೂ ಕೊಟ್ಟುಬಿಡುತ್ತದೆ. ಮೇಷ್ಟರು ಮನೆಗೆ ಬಂದ ಬೀಗರಿಗೂ "ತಿಳೀತೇನು?" ಎನ್ನುತ್ತಾರೆ. ನಮ್ಮ ಓಣಿಯ ಬಸ್ ಕಂಡಕ್ಟರರು ಮದುವೆಯ ಊಟದ ಪಂಕ್ತಿಯಲ್ಲಿ "ಮುಂದ ಸರೀರಿ, ಮುಂದ ಜಾಗಾ ಅದ" ಎಂದದ್ದನ್ನು ನಾನೇ ಕೇಳಿದ್ದೇನೆ. ಇವರನ್ನೆಲ್ಲ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳು ನಾನು. ನನ್ನ ಚಾಳಿ ಯಾವುದು ಎಂದು ಗೊತ್ತಾಗಬೇಕಾದರೆ ಮನೆಗೆ ಒಂದು ವಿಡಿಯೋ ಗೇಮ್ ಬರಬೇಕಾಯಿತು.

ಎಂಬತ್ತರ ದಶಕದ ಮಾತು. ನಾನು ಚಿತ್ತಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆಗ ಹೈದರಾಬಾದಿನವರ ಜೊತೆ ಮಾತಾಡಬೇಕೆಂದರೆ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಬುಕ್ ಆದ ಪ್ರತಿ ಕಾಲ್‌ಗೂ ಒಂದು ಚೀಟಿ ಬರೆಯುತ್ತಿದ್ದೆವು. ಅದಕ್ಕೆ ಟಿಕೀಟು ಎಂದು ಹೆಸರು. ಒಂದು ಕಾಲ್ ಎಂದರೆ ಮೂರು ನಿಮಿಷ. ಅದು ಮುಗಿದ ತಕ್ಷಣ ನಾನು ನಡುವೆ ಬಾಯಿ ಹಾಕಿ "ಮೂರು ನಿಮಿಷ ಆತ್ರಿ, ಮುಂದ ಮಾತಾಡ್ತೀರೇನು?" ಎನ್ನಬೇಕು. ಅರ್ಜೆಂಟ್ ಕಾಲ್‌ಗೆ ಎರಡು ಪಟ್ಟು ದರ, ಸರದಿಯಲ್ಲಿ ಮುಂದೆ ಜಾಗ. ಲೈಟ್ನಿಂಗ್ ಕಾಲ್‌ಗೆ ಎಂಟು ಪಟ್ಟು. ಅದು ಬಂದರೆ ಮಿಕ್ಕವರೆಲ್ಲ ಬದಿಗೆ. ತೊಗರಿಯ ಧಾರಣೆ, ಹೆರಿಗೆಯ ಸುದ್ದಿ, ಅಳಿಯನ ಮುನಿಸು ಎಲ್ಲವೂ ನನ್ನ ಕಿವಿಯನ್ನು ದಾಟಿಯೇ ಮುಂದೆ ಹೋಗಬೇಕು. ಟಾಕೀಸಿನ ಮಾಲೀಕರು ಪ್ರತಿ ಗುರುವಾರ ಗುಲ್ಬರ್ಗಕ್ಕೆ ಕಾಲ್ ಹಾಕಿ "ಪೆಟ್ಟಿಗಿ ಕಳಿಸೀರಿಲ್ರಿ?" ಎಂದು ಗೋಳಾಡುತ್ತಿದ್ದರು. ಪೆಟ್ಟಿಗೆ ಎಂದರೆ ಸಿನಿಮಾ ರೀಲಿನ ಪೆಟ್ಟಿಗೆ. ಹೀಗಾಗಿ ಶುಕ್ರವಾರ ಯಾವ ಸಿನಿಮಾ ಬರುತ್ತದೆಂದು ಗೋಡೆಗೆ ಪೋಸ್ಟರ್ ಹತ್ತುವ ಮೊದಲೇ ನನಗೆ ಗೊತ್ತು. ಆದರೆ ಸ್ವಿಚ್‌ಬೋರ್ಡಿನ ಮೇಲೆ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಮಕ್ಕಳು ಕಾಲು ಹಿಡಿದರೂ ನಾನು ಹೇಳಲಿಲ್ಲ. ಅದರ ಬದಲು "ಬರೂ ಐತ್ವಾರ ಕರಕೊಂಡು ಹೋಗ್ತೀನಿ" ಎಂದು ಮಾತ್ರ ಹೇಳುತ್ತಿದ್ದೆ. ಪ್ರತಿ ವಾರವೂ ಹೇಳುತ್ತಿದ್ದೆ. ಭಾನುವಾರ ಬಂದರೆ ಡ್ಯೂಟಿ, ಡ್ಯೂಟಿ ಇಲ್ಲದಿದ್ದರೆ ಒಗೆಯುವ ಬಟ್ಟೆಯ ರಾಶಿ. ನಮ್ಮ ಯಜಮಾನರು ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟಿನವರು. ಅವರು ಗಾಡಿ ಇಳಿದು ಬರುವ ಹೊತ್ತಿಗೆ ನಾನು ಹೊರಟಿರುತ್ತಿದ್ದೆ. ನಮ್ಮ ಸಂಸಾರದ ಬಹಳಷ್ಟು ಮಾತುಕತೆ ನಡೆದದ್ದು ಹೊಸ್ತಿಲ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತ.

ಇಂಥ ಮನೆಗೆ ದುಬೈಯಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ನನ್ನ ತಮ್ಮ ರಜೆಗೆ ಬಂದಾಗ ಅಂಗೈಯಗಲದ ಒಂದು ವಿಡಿಯೋ ಗೇಮ್ ತಂದುಕೊಟ್ಟ. ಮೇಲಿನಿಂದ ಹಣ್ಣು ಬೀಳುತ್ತವೆ, ಕೆಳಗೊಬ್ಬ ಬುಟ್ಟಿಯವನು ಅತ್ತಿತ್ತ ಓಡಿ ಹಿಡಿಯಬೇಕು. ಹಿಡಿದರೆ ಕೀಂ, ಬಿಟ್ಟರೆ ಕುಂಯ್. ಗೇಮ್ ಒಂದು, ಮಕ್ಕಳು ಎರಡು. ಹದಿಮೂರರ ಬಸು ಹಿಡಿದರೆ ಬಿಡುವವನಲ್ಲ, ಹತ್ತರ ಸುವರ್ಣ ಅತ್ತರೆ ನಿಲ್ಲಿಸುವವಳಲ್ಲ. ಎರಡು ದಿನ ಸಹಿಸಿಕೊಂಡೆ. ಮೂರನೆಯ ದಿನ ಬಸು ಆಡುತ್ತಿರುವಾಗ ನನಗರಿವಿಲ್ಲದೆಯೇ ನನ್ನ ಬಾಯಿಂದ "ಮೂರು ನಿಮಿಷ ಆತ್ರಿ!" ಎಂದು ಬಂದುಬಿಟ್ಟಿತು. ಅವನು ಬೆಚ್ಚಿ ಗೇಮನ್ನು ತಂಗಿಯ ಕೈಗಿತ್ತ. ನನಗೆ ಅದೆಂಥ ಆನಂದವಾಯಿತೆಂದರೆ, ಮರುದಿನವೇ ಮನೆಯಲ್ಲಿ ಎಕ್ಸ್‌ಚೇಂಜ್ ತೆರೆದೆ.

ಆಫೀಸಿನ ರದ್ದಿ ಕಾಗದ ಕತ್ತರಿಸಿ ಟಿಕೀಟು ಮಾಡಿದೆ. ದಿನಕ್ಕೆ ತಲೆಗೆ ಮೂರು. ಒಂದು ಟಿಕೀಟು ಕೊಟ್ಟರೆ ಮೂರು ನಿಮಿಷ ಆಟ. ಸರದಿ ತಪ್ಪಿಸಿ ಮುಂದೆ ಬರಬೇಕೆಂದರೆ ಅರ್ಜೆಂಟ್, ಎರಡು ಟಿಕೀಟು. ಇನ್ನೊಬ್ಬರ ಆಟ ನಿಲ್ಲಿಸಿ ಕಸಿದುಕೊಳ್ಳಬೇಕೆಂದರೆ ಲೈಟ್ನಿಂಗ್, ಎಂಟು. ಬಳಸದ ಟಿಕೀಟು ಇಟ್ಟುಕೊಳ್ಳಬಹುದು. ಬಸು ಎಲ್ಲ ಕೆಲಸದಲ್ಲಿಯೂ ಅರ್ಜೆಂಟ್. ಅವನ ಟಿಕೀಟು ನಾನು ಚಹಾ ಸೋಸುವುದರೊಳಗೆ ಖಾಲಿ. ಸುವರ್ಣ ಮಾತ್ರ ನಾಲ್ಕು ದಿನವಾದ ಮೇಲೆ ಆ ಗೇಮನ್ನು ಮುಟ್ಟುವುದನ್ನೇ ಬಿಟ್ಟಳು. ದಿನಾ ತನ್ನ ಮೂರು ಟಿಕೀಟು ಇಸಿದುಕೊಂಡು ಸುಮ್ಮನೆ ಓದಲು ಕೂಡುತ್ತಿದ್ದಳು. ನಾನು ಹಿಗ್ಗಿ ಹೀರೆಕಾಯಿಯಾದೆ. ಪಕ್ಕದ ಮನೆಯ ರಜಿಯಾ ಆಪಾ ಅವರಿಗೆ ಗೋಡೆಯ ಮೇಲಿಂದ ಹೇಳಿಯೂ ಹೇಳಿದೆ: "ಅಕಿಗಿ ಇಂಥಾ ಹುಚ್ಚೇ ಇಲ್ರಿ ಆಪಾ. ಎಲ್ಲಾ ನಮ್ಮ ಶಿಸ್ತು."

"ಹುಡುಗಿ ಭಾಳ ಸಮಜದಾರ್ ಅದಾಳ," ಎಂದರು ಆಪಾ. ನನ್ನ ಶಿಸ್ತಿನ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ.

ಹೀಗೆ ಮೂರು ವಾರ ಕಳೆದಿರಬೇಕು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಸುವರ್ಣ ಬಂದು ಒಲೆಯ ಪಕ್ಕ ನಿಂತಳು.

"ಅವ್ವಾ, ಒಂದ್ ಕಾಲ್ ಬುಕ್ ಮಾಡೂದದ."

ನಾನು ತಮಾಷೆಗೆ ಡ್ಯೂಟಿಯ ದನಿ ತೆಗೆದೆ. "ಯಾವ ಊರಿಗ್ರಿ?"

"ನಿನಗ."

"ಎಷ್ಟು ನಿಮಿಷ?"

"ಮೂರು ತಾಸು," ಎಂದು ಲಂಗದ ಜೇಬಿನಿಂದ ರಬ್ಬರ್ ಹಾಕಿದ ಟಿಕೀಟಿನ ಕಟ್ಟು ತೆಗೆದು ರೊಟ್ಟಿಯ ಹಿಟ್ಟಿನ ಪಕ್ಕ ಇಟ್ಟಳು. "ಅರವತ್ತು ಅದಾವ, ಎಣಸಿ ನೋಡು. ಐತ್ವಾರ ಮ್ಯಾಟ್ನಿಗಿ ನೀ ನಮ್ಮ ಜೋಡಿ ಬರಬೇಕು. ಅರ್ಜೆಂಟ್ ಇಲ್ಲ, ಆರ್ಡಿನರಿನೇ. ಈ ಐತ್ವಾರ ಆಗಲಿಲ್ಲಂದ್ರ ಮುಂದಿನ ಐತ್ವಾರ ನಡೀತದ."

ತವೆಯ ಮೇಲಿನ ರೊಟ್ಟಿ ಹೊತ್ತಿತು. ನಾನು ಎಣಿಸಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡೆ. ಊರವರನ್ನೆಲ್ಲ ಅವರವರ ಮಂದಿಯ ಜೊತೆ ಜೋಡಿಸುವವಳು ನಾನು. ನನ್ನ ಮಗಳು ನನ್ನನ್ನು ಸೇರುವ ಸರದಿಗಾಗಿ ತನ್ನ ಆಟವನ್ನೆಲ್ಲ ಬಿಟ್ಟುಕೊಟ್ಟು ಕಾದಿದ್ದಳು. ಅದೂ ಆರ್ಡಿನರಿ ದರದಲ್ಲಿ, ಕಡಿಮೆ ದರದವರನ್ನು ಎಷ್ಟು ಕಾಯಿಸುತ್ತೇವೆಂದು ಚೆನ್ನಾಗಿ ಗೊತ್ತಿದ್ದೂ.

ಆ ಭಾನುವಾರ ನನ್ನದೇ ಡ್ಯೂಟಿ. ಜೊತೆಯ ಆಪರೇಟರ್ ಶಾಂತಾಬಾಯಿ ಅವರ ಮುಂದೆ ಹಲ್ಲು ಗಿಂಜಿಕೊಂಡು ನಿಂತು, ಅದಲು ಬದಲು ಮಾಡಿಕೊಳ್ಳುತ್ತೀರಾ ಎಂದು ಕೇಳಿದೆ. ಬೇಡಿಕೊಳ್ಳಲು ನಾಲ್ಕು ಮಾತು ಬಾಯಿಪಾಠವನ್ನೂ ಮಾಡಿಕೊಂಡಿದ್ದೆ.

"ಹೋಗ್ರಿ, ಅದಕ್ಕೇನಾತು," ಎಂದರು ಅವರು. "ಇಷ್ಟು ದಿನ ಯಾಕ ಕೇಳಲಿಲ್ರಿ?"

ನಾನಿಲ್ಲದಿದ್ದರೆ ಚಿತ್ತಾಪುರವೇ ಮೂಕವಾಗಿಬಿಡುತ್ತದೆಂದು ಒಳಗೊಳಗೆ ನಂಬಿದ್ದೆ, ಅಷ್ಟೇ.

ಭಾನುವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಟಾಕೀಸಿಗೆ ಹೋದೆ. ಎಡಕ್ಕೆ ಬಸು, ಬಲಕ್ಕೆ ಸುವರ್ಣ. ಮಾಲೀಕರು ನನ್ನ ಮುಖ ಕಂಡವರಲ್ಲ. ಆದರೆ ಟಿಕೆಟ್ ಕೇಳುವಾಗ ನನ್ನ ದನಿ ಕೇಳಿ ಗುರುತು ಹಿಡಿದು, ಬೆತ್ತದ ಕುರ್ಚಿ ಹಾಕಿಸಿದರು. ಫ್ಯಾನಿನ ಗಾಳಿ, ಕತ್ತಲೆ, ಬೆತ್ತದ ಕುರ್ಚಿ. ಯಾರೂ "ಹಲೋ" ಎನ್ನದ ಮೂರು ತಾಸು. ಪರದೆಯ ಮೇಲೆ ಹೆಸರುಗಳು ಬರುತ್ತಿದ್ದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ದೀಪ ಹತ್ತಿತ್ತು, ಜನ ಎದ್ದು ಹೊರಡುತ್ತಿದ್ದರು, ನನ್ನ ತಲೆ ಸುವರ್ಣಳ ಹೆಗಲ ಮೇಲಿತ್ತು. ನಡುವೆ ಬಿಡುವು ಬಿಟ್ಟದ್ದೂ ನನಗೆ ಗೊತ್ತಾಗಿರಲಿಲ್ಲ.

ಮನೆಯ ದಾರಿಯಲ್ಲಿ ಮುಖ ಎತ್ತಲಾಗಲಿಲ್ಲ. "ಎಬ್ಬಿಸಬಾರದೇನವ್ವಾ ನನಗ?" ಎಂದೆ.

ಸುವರ್ಣ ನೋಯುತ್ತಿದ್ದ ಹೆಗಲನ್ನು ತಿಕ್ಕಿಕೊಳ್ಳುತ್ತ ನಡೆದಿದ್ದಳು. "ಎಬ್ಬಿಸಿದ್ರ ನೀ ಕೆಲಸ ನೆನಪು ಮಾಡ್ಕೊಂಡು ಎದ್ದು ಹೋಗ್ತಿದ್ದಿ," ಎಂದಳು. "ಮಲಕೊಂಡಿದ್ದಕ್ಕ ಪೂರಾ ಮೂರು ತಾಸು ನಮ್ಮ ಜೋಡಿನೇ ಇದ್ದಿ."

ಮನೆಯಲ್ಲಿ ಯಜಮಾನರು ಸಿನಿಮಾ ಹೇಗಿತ್ತೆಂದು ಕೇಳಿದರು. ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಇಷ್ಟು ಒಳ್ಳೆಯ ಸಿನಿಮಾ ನಾನು ಈವರೆಗೆ ನೋಡಿಯೇ ಇಲ್ಲ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.